ಅಮೆರಿಕದಲ್ಲಿ ಜನಾಂಗೀಯ ಪ್ರತ್ಯೇಕತೆ: 1919ರಿಂದ ಈಚೆಗೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆಫ್ರಿಕನ್ ಮೂಲದ ನಾಗರಿಕರನ್ನು ಬಿಳಿಯರಿಂದ ದೂರವಿರಿಸಿ, ಶಾಲೆ, ರೈಲು, ಆಸ್ಪತ್ರೆ, ವಸತಿ, ಉದ್ಯೋಗ, ಮತದಾನ ಎಲ್ಲದರಲ್ಲೂ ಕೀಳು ಪಾಲಿಗೆ ಕಟ್ಟಿಹಾಕಿದ ವ್ಯವಸ್ಥೆಯನ್ನು ಜನಾಂಗೀಯ ಪ್ರತ್ಯೇಕತೆ ಎನ್ನುತ್ತಾರೆ. ಅದು ಎರಡು ಬಗೆಯಲ್ಲಿ ನಡೆಯಿತು. ದಕ್ಷಿಣದ ರಾಜ್ಯಗಳಲ್ಲಿ ರಾಜ್ಯದ ಶಾಸನಗಳೇ ಬಾಗಿಲು ಬಾಗಿಲಿಗೆ ಫಲಕ ಹಾಕಿಸಿ ಜನರನ್ನು ವಿಂಗಡಿಸಿದವು. ಈ ಶಾಸನಗಳಿಗೆ ಒಟ್ಟಾಗಿ 'ಜಿಮ್ ಕ್ರೋ' ಎಂಬ ಹೆಸರಿದೆ. ಉತ್ತರ ಮತ್ತು ಪಶ್ಚಿಮದಲ್ಲಿ ಫಲಕಗಳಿರಲಿಲ್ಲ. ಅಲ್ಲಿ ಕ್ರಯಪತ್ರದ ಷರತ್ತು, ಬ್ಯಾಂಕಿನ ಸಾಲ, ಸರ್ಕಾರದ ಗೃಹನೀತಿಗಳು ಅದೇ ಕೆಲಸ ಮಾಡಿದವು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಮೊದಲನೆಯ ಬಗೆ ಪೂರ್ಣಬಲದಲ್ಲಿತ್ತು, ಎರಡನೆಯದು ರೂಪುಗೊಳ್ಳುತ್ತಿತ್ತು. ಮೊದಲನೆಯದು 1960ರ ದಶಕದಲ್ಲಿ ಕಾನೂನಿನಿಂದ ಕೊನೆಗೊಂಡಿತು. ಎರಡನೆಯದನ್ನೂ ಕಾನೂನು ನಿಷೇಧಿಸಿತಾದರೂ ಅದರ ಪರಿಣಾಮ ಅಮೆರಿಕದ ನಗರಗಳಲ್ಲಿ ಇಂದಿಗೂ ಉಳಿದಿದೆ.

ಹಿನ್ನೆಲೆ

ಅಂತರ್ಯುದ್ಧದ ಬಳಿಕ ಸಂವಿಧಾನಕ್ಕೆ ತಂದ ಮೂರು ತಿದ್ದುಪಡಿಗಳು ಗುಲಾಮಗಿರಿಯನ್ನು ರದ್ದುಮಾಡಿ (1865), ಪೌರತ್ವ ಮತ್ತು ಕಾನೂನಿನ ಸಮಾನ ರಕ್ಷಣೆಯನ್ನು ಕೊಟ್ಟು (1868), ಜನಾಂಗದ ಕಾರಣಕ್ಕೆ ಮತದ ಹಕ್ಕು ನಿರಾಕರಿಸುವುದನ್ನು ತಡೆದವು (1870). 1877ರಲ್ಲಿ ಕೇಂದ್ರದ ಸೈನ್ಯ ದಕ್ಷಿಣದಿಂದ ಹಿಂದೆ ಸರಿದ ಮೇಲೆ ಈ ಹಕ್ಕುಗಳನ್ನು ಒಂದೊಂದಾಗಿ ಕಿತ್ತುಕೊಳ್ಳಲಾಯಿತು. ಮತದಾನಕ್ಕೆ ತಲೆಗಂದಾಯ, ಓದು-ಬರಹದ ಪರೀಕ್ಷೆ, ಬಿಳಿಯರಿಗಷ್ಟೇ ಮೀಸಲಾದ ಪಕ್ಷದ ಪ್ರಾಥಮಿಕ ಚುನಾವಣೆಗಳು ಅಡ್ಡಬಂದವು. ಪರೀಕ್ಷೆಯಲ್ಲಿ ಯಾರನ್ನು ಪಾಸು ಮಾಡಬೇಕು, ಯಾರನ್ನು ಫೇಲು ಮಾಡಬೇಕು ಎಂಬುದು ಬಿಳಿಯ ಗುಮಾಸ್ತನ ಮರ್ಜಿಗೆ ಬಿಟ್ಟದ್ದಾಗಿತ್ತು.

ಲೂಯಿಸಿಯಾನ ರಾಜ್ಯದ 1890ರ ಪ್ರತ್ಯೇಕ ರೈಲುಡಬ್ಬಿ ಕಾಯಿದೆಯನ್ನು ಹೋಮರ್ ಪ್ಲೆಸ್ಸಿ ಪ್ರಶ್ನಿಸಿದಾಗ, 1896ರಲ್ಲಿ ಸುಪ್ರೀಂ ಕೋರ್ಟು 'ಬೇರೆಯಾದರೂ ಸಮಾನ' ಎಂಬ ಸೂತ್ರ ಹಿಡಿದು ಆ ಕಾಯಿದೆಯನ್ನು ಎತ್ತಿಹಿಡಿಯಿತು. ವಿರೋಧಿಸಿ ತೀರ್ಪು ಬರೆದವರು ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್ ಒಬ್ಬರೇ. ನಂತರದ ಐವತ್ತೆಂಟು ವರ್ಷ ಪ್ರತ್ಯೇಕತೆಗೆ ಈ ತೀರ್ಪೇ ಆಧಾರವಾಯಿತು. 1913ರಿಂದ ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ಆಡಳಿತ ವಾಷಿಂಗ್ಟನ್ನಿನ ಕೇಂದ್ರ ಕಚೇರಿಗಳಿಗೂ ಇದನ್ನು ವಿಸ್ತರಿಸಿತು.

ಯುದ್ಧಾನಂತರದ ಹಿಂಸೆ

ಮೊದಲನೆಯ ಮಹಾಯುದ್ಧದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಕಪ್ಪು ಸೈನಿಕರು ಪ್ರತ್ಯೇಕ ದಳಗಳಲ್ಲಿ ಸೇವೆ ಸಲ್ಲಿಸಿದರು. ಹಾರ್ಲೆಮ್‌ನ 369ನೆಯ ಕಾಲಾಳು ದಳವನ್ನು ಅಮೆರಿಕದ ಸೇನಾಪತಿಗಳು ಫ್ರೆಂಚ್ ಸೈನ್ಯಕ್ಕೆ ಒಪ್ಪಿಸಿದರು. ಅದು ಫ್ರಾನ್ಸಿನ ಶೌರ್ಯಪದಕಗಳೊಂದಿಗೆ ಮರಳಿತು. ಹೀಗೆ ತಲೆಯೆತ್ತಿ ಮರಳಿದವರನ್ನು ಬಗ್ಗಿಸಲೆಂದೇ ಎಂಬಂತೆ 1919ರಲ್ಲಿ ಹತ್ತಾರು ಊರುಗಳಲ್ಲಿ ಬಿಳಿಯರ ಗುಂಪುಗಳು ದಾಳಿ ನಡೆಸಿದವು. ಲೇಖಕ, ಹೋರಾಟಗಾರ ಜೇಮ್ಸ್ ವೆಲ್ಡನ್ ಜಾನ್ಸನ್ ಆ ಬೇಸಗೆಯನ್ನು 'ಕೆಂಪು ಬೇಸಗೆ' ಎಂದು ಕರೆದರು.

ಷಿಕಾಗೋದಲ್ಲಿ ಜುಲೈ 27ರಂದು ಮಿಷಿಗನ್ ಸರೋವರದಲ್ಲಿ ಈಜುತ್ತಿದ್ದ ಹದಿನೇಳರ ಹುಡುಗ ಯೂಜೀನ್ ವಿಲಿಯಮ್ಸ್, ಬಿಳಿಯರು ತಮ್ಮದೆಂದು ಭಾವಿಸಿದ್ದ ನೀರಿನತ್ತ ತೇಲಿಹೋದ. ದಡದಿಂದ ಕಲ್ಲು ತೂರಿದರು. ಹುಡುಗ ಮುಳುಗಿ ಸತ್ತ. ಪೊಲೀಸರು ಆರೋಪಿಯನ್ನು ಬಂಧಿಸಲು ಒಪ್ಪಲಿಲ್ಲ. ಮುಂದಿನ ಗಲಭೆಯಲ್ಲಿ 38 ಮಂದಿ ಸತ್ತರು, ಸುಮಾರು ಸಾವಿರ ಕುಟುಂಬಗಳು ಮನೆ ಕಳೆದುಕೊಂಡವು. ಆರ್ಕನ್ಸಾ ರಾಜ್ಯದ ಇಲೇನ್ ಬಳಿ ಹತ್ತಿಗೆ ನ್ಯಾಯಬೆಲೆ ಕೇಳಲು ಸಂಘ ಕಟ್ಟಿದ ಗೇಣಿದಾರರ ಮೇಲೆ ಅದೇ ವರ್ಷ ನಡೆದ ದಾಳಿಯಲ್ಲಿ ಸತ್ತವರು ನೂರಾರು ಎಂಬ ಅಂದಾಜಿದೆ. ಮರಣದಂಡನೆಯ ತೀರ್ಪು ಬಂದದ್ದು ಮಾತ್ರ ಹನ್ನೆರಡು ಮಂದಿ ಕಪ್ಪು ರೈತರಿಗೆ. ಅವರಲ್ಲಿ ಕೆಲವರ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು 1923ರಲ್ಲಿ ಎತ್ತಿಹಿಡಿಯಿತು. ಕೊನೆಗೆ ಯಾರಿಗೂ ಮರಣದಂಡನೆ ಜಾರಿಯಾಗಲಿಲ್ಲ.

1921ರ ಮೇ 31 ಮತ್ತು ಜೂನ್ 1ರಂದು ಓಕ್ಲಹೋಮಾದ ಟಲ್ಸಾದಲ್ಲಿ ಗ್ರೀನ್‌ವುಡ್ ಬಡಾವಣೆಯ ಸುಮಾರು 35 ಬೀದಿಚೌಕಗಳನ್ನು ಸುಟ್ಟುಹಾಕಿದರು. ಅಂಗಡಿ, ಸಿನಿಮಾ ಮಂದಿರ, ಹೋಟೆಲು, ವೈದ್ಯರ ಮನೆಗಳಿಂದ ತುಂಬಿದ್ದ ಗ್ರೀನ್‌ವುಡ್ ಕಪ್ಪು ಜನರು ಸ್ವಂತ ದುಡಿಮೆಯಿಂದ ಕಟ್ಟಿದ ಕೇರಿಯಾಗಿತ್ತು. ರಾಜ್ಯ ಸರ್ಕಾರ ನೇಮಿಸಿದ ಆಯೋಗ 2001ರಲ್ಲಿ ಸಾವಿನ ಸಂಖ್ಯೆಯನ್ನು 100ರಿಂದ 300 ಎಂದು ಅಂದಾಜಿಸಿತು. ಗಲಭೆಯ ನಷ್ಟವನ್ನು ಹೊರಗಿಟ್ಟ ಷರತ್ತನ್ನು ತೋರಿಸಿ ವಿಮಾ ಕಂಪನಿಗಳು ಪರಿಹಾರ ನಿರಾಕರಿಸಿದವು.

1915ರಲ್ಲಿ ಜಾರ್ಜಿಯದಲ್ಲಿ ಮರುಹುಟ್ಟು ಪಡೆದ ಕು ಕ್ಲಕ್ಸ್ ಕ್ಲಾನ್ 1920ರ ದಶಕದಲ್ಲಿ ಲಕ್ಷಾಂತರ ಸದಸ್ಯರನ್ನು ಗಳಿಸಿತು. ಕಪ್ಪು ಜನರೊಂದಿಗೆ ಯಹೂದಿಗಳು, ಕ್ಯಾಥೊಲಿಕರು, ವಲಸಿಗರೂ ಅದರ ಗುರಿಯಾಗಿದ್ದರು. ದಕ್ಷಿಣದಾಚೆ ಇಂಡಿಯಾನ, ಆರೆಗನ್ ರಾಜ್ಯಗಳ ರಾಜಕೀಯವೂ ಅದರ ಹಿಡಿತಕ್ಕೆ ಸಿಕ್ಕಿತು. ಗುಂಪುಹತ್ಯೆಯ ಭಯವೇ ಈ ಇಡೀ ವ್ಯವಸ್ಥೆಯ ಕಾವಲುಗಾರನಾಗಿತ್ತು: 1882ರಿಂದ 1968ರ ನಡುವೆ ಹೀಗೆ ಸತ್ತ 3,446 ಕಪ್ಪು ಜನರ ಲೆಕ್ಕವನ್ನು ಅಲಬಾಮದ ಕಪ್ಪು ಜನರ ವಿದ್ಯಾಲಯವಾದ ಟಸ್ಕೀಗಿ ಸಂಸ್ಥೆ ಇಟ್ಟಿದೆ. ಗುಂಪುಹತ್ಯೆಯನ್ನು ಕೇಂದ್ರದ ಅಪರಾಧವಾಗಿಸುವ ಡೈಯರ್ ಮಸೂದೆ 1922ರಲ್ಲಿ ಪ್ರತಿನಿಧಿ ಸಭೆ ದಾಟಿದರೂ ದಕ್ಷಿಣದ ಸೆನೆಟರುಗಳ ತಡೆಯಿಂದ ಬಿದ್ದುಹೋಯಿತು. ಅಂಥ ಕಾಯಿದೆ ಬರಲು 2022ರವರೆಗೆ ಕಾಯಬೇಕಾಯಿತು.

ದಕ್ಷಿಣದ ದಿನಚರಿ

ಹೆರಿಗೆಯ ವಾರ್ಡಿನಿಂದ ಸ್ಮಶಾನದವರೆಗೆ ಜಿಮ್ ಕ್ರೋ ಹಬ್ಬಿತ್ತು. ಕುಡಿಯುವ ನೀರಿನ ನಲ್ಲಿ, ಶೌಚಾಲಯ, ಬಸ್ಸಿನ ಆಸನ, ಆಸ್ಪತ್ರೆಯ ಹಾಸಿಗೆ ಎಲ್ಲವೂ ಎರಡು. ಕೆಲವು ನ್ಯಾಯಾಲಯಗಳಲ್ಲಿ ಪ್ರಮಾಣ ಮಾಡುವ ಬೈಬಲ್ಲೂ ಎರಡು. ಬರೆದಿಡದ ಕಟ್ಟಳೆಗಳೂ ಅಷ್ಟೇ ಬಿಗಿಯಾಗಿದ್ದವು. ಬಿಳಿಯರ ಮನೆಗೆ ಹಿತ್ತಲ ಬಾಗಿಲಿನಿಂದಲೇ ಹೋಗಬೇಕು. ರಸ್ತೆಯಲ್ಲಿ ಎದುರಾದರೆ ಪಕ್ಕಕ್ಕೆ ಸರಿಯಬೇಕು. ಮುದುಕನಾದರೂ ಕಪ್ಪು ಮನುಷ್ಯನನ್ನು ಬಿಳಿಯ ಹುಡುಗ ಏಕವಚನದಲ್ಲಿ ಕೂಗಬಹುದು.

ಹತ್ತಿಯ ಹೊಲಗಳಲ್ಲಿ ಪಾಲಿಗೆ ಉಳುವ ಕುಟುಂಬಗಳು ಬೀಜ, ಗೊಬ್ಬರ, ದಿನಸಿಗೆ ಧಣಿಯ ಅಂಗಡಿಯಲ್ಲೇ ಸಾಲ ಮಾಡಬೇಕಿತ್ತು. ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿದ್ದುದರಿಂದ ಸುಗ್ಗಿಯ ಕೊನೆಗೆ ಸಾಲ ಮಾತ್ರ ಮಿಗುತ್ತಿತ್ತು. ಹತ್ತಿ ಬಿಡಿಸುವ ಕಾಲದಲ್ಲಿ ಕಪ್ಪು ಮಕ್ಕಳ ಶಾಲೆ ಮುಚ್ಚುತ್ತಿತ್ತು. ಸರ್ಕಾರ ಕೊಡದ ಶಾಲೆಗಳನ್ನು ಊರವರೇ ಕಟ್ಟಿಕೊಂಡರು: ಟಸ್ಕೀಗಿಯ ಬುಕರ್ ಟಿ. ವಾಷಿಂಗ್ಟನ್ ಮತ್ತು ಉದ್ಯಮಿ ಜೂಲಿಯಸ್ ರೋಸನ್‌ವಾಲ್ಡ್ ಆರಂಭಿಸಿದ ಯೋಜನೆಯಲ್ಲಿ 1932ರೊಳಗೆ 15 ರಾಜ್ಯಗಳಲ್ಲಿ ಸುಮಾರು 5,000 ಶಾಲೆಗಳು ಎದ್ದವು. ರೋಸನ್‌ವಾಲ್ಡ್ ನಿಧಿ ಕೊಟ್ಟದ್ದಕ್ಕಿಂತ ಬಡ ಕಪ್ಪು ಜನರು ವಂತಿಗೆಯಾಗಿ ಕೂಡಿಹಾಕಿದ್ದೇ ಹೆಚ್ಚು.

ನ್ಯಾಯ ಮತ್ತು ವೈದ್ಯಕೀಯ ಕ್ಷೇತ್ರಗಳೂ ಈ ಭೇದದಿಂದ ಹೊರತಾಗಿರಲಿಲ್ಲ. 1931ರಲ್ಲಿ ಅಲಬಾಮದ ಸ್ಕಾಟ್ಸ್‌ಬರೋದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಅತ್ಯಾಚಾರದ ಸುಳ್ಳು ಆರೋಪ ಹೊರಿಸಿ, ಬಿಳಿಯರಷ್ಟೇ ಇದ್ದ ಜ್ಯೂರಿಗಳು ಕೆಲವೇ ದಿನಗಳಲ್ಲಿ ಎಂಟು ಮಂದಿಗೆ ಮರಣದಂಡನೆ ವಿಧಿಸಿದವು. ಈ ಮೊಕದ್ದಮೆಯ ಮೇಲ್ಮನವಿಗಳಿಂದಲೇ ಆರೋಪಿಗೆ ಸರಿಯಾದ ವಕೀಲರ ನೆರವು ಸಿಗಬೇಕು (1932), ಜ್ಯೂರಿಯಿಂದ ಕಪ್ಪು ಜನರನ್ನು ಹೊರಗಿಡಬಾರದು (1935) ಎಂಬ ಮಹತ್ವದ ತೀರ್ಪುಗಳು ಬಂದವು. 1932ರಲ್ಲಿ ಕೇಂದ್ರದ ಆರೋಗ್ಯ ಇಲಾಖೆ ಟಸ್ಕೀಗಿಯ ಸುತ್ತಲಿನ 600 ಬಡ ಗಂಡಸರ ಮೇಲೆ ಸಿಫಿಲಿಸ್ ಅಧ್ಯಯನ ಆರಂಭಿಸಿತು. ಅವರಲ್ಲಿ ರೋಗವಿದ್ದವರು 399. ಪೆನಿಸಿಲಿನ್ ಬಂದ ಮೇಲೂ ಅವರಿಗೆ ಮದ್ದು ಕೊಡದೆ, ರೋಗ ಬೆಳೆಯುವುದನ್ನು 1972ರವರೆಗೆ ನೋಡುತ್ತ ಕುಳಿತರು.

ಮಹಾವಲಸೆ

1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನರು ದಕ್ಷಿಣ ಬಿಟ್ಟು ಉತ್ತರಕ್ಕೂ ಪಶ್ಚಿಮಕ್ಕೂ ಹೋದರು. ಗುಂಪುಹತ್ಯೆಯ ಭಯ ಮತ್ತು ಹತ್ತಿಗೆ ಬಿದ್ದ ಕಾಯಿಹುಳುವಿನ ಕಾಟ ಅವರನ್ನು ಹೊರದೂಡಿದವು. ಯುದ್ಧಕಾಲದ ಕಾರ್ಖಾನೆಯ ಕೂಲಿ ಸೆಳೆಯಿತು. 'ಷಿಕಾಗೋ ಡಿಫೆಂಡರ್' ಪತ್ರಿಕೆ ಉತ್ತರಕ್ಕೆ ಬರುವಂತೆ ಕರೆಕೊಟ್ಟಿತು. ಅದರ ಪ್ರತಿಗಳನ್ನು ರೈಲಿನಲ್ಲಿ ಗುಟ್ಟಾಗಿ ದಕ್ಷಿಣಕ್ಕೆ ಸಾಗಿಸಿದವರು ಪುಲ್ಮನ್ ಕಂಪನಿಯ ಸ್ಲೀಪರ್ ಡಬ್ಬಿಗಳ ಕಪ್ಪು ಪರಿಚಾರಕರು.

ಹೊಸ ನೆಲೆಗಳಲ್ಲಿ ಮತ ಹಾಕಬಹುದಿತ್ತು, ಪತ್ರಿಕೆ ನಡೆಸಬಹುದಿತ್ತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಲ್ಯಾಂಗ್‌ಸ್ಟನ್ ಹ್ಯೂಸ್, ಜೋರಾ ನೀಲ್ ಹರ್ಸ್ಟನ್ ಮುಂತಾದವರ ಸಾಹಿತ್ಯ, ಡ್ಯೂಕ್ ಎಲಿಂಗ್ಟನ್ ಅವರ ಜಾಜ್ ಸಂಗೀತ ಅರಳಿದವು. ಆದರೆ ಎಲಿಂಗ್ಟನ್ ನುಡಿಸುತ್ತಿದ್ದ, ಹಾರ್ಲೆಮ್‌ನ ನಡುವೆಯೇ ಇದ್ದ ಕಾಟನ್ ಕ್ಲಬ್ಬಿನಲ್ಲಿ ಗಿರಾಕಿಗಳಾಗಿ ಬಿಳಿಯರಿಗೆ ಮಾತ್ರ ಪ್ರವೇಶ. ಕತ್ತಲಾಗುವುದರೊಳಗೆ ಕಪ್ಪು ಜನರು ಊರು ಬಿಡಬೇಕೆಂಬ ಪಟ್ಟಣಗಳು ಉತ್ತರದಲ್ಲೂ ಬಹಳ ಇದ್ದವು. ದಾರಿಯಲ್ಲಿ ಊಟ, ವಸತಿ, ಪೆಟ್ರೋಲು ಎಲ್ಲಿ ಸಿಗುತ್ತದೆಂದು ತಿಳಿಸಲು ಅಂಚೆಯವ ವಿಕ್ಟರ್ ಹ್ಯೂಗೋ ಗ್ರೀನ್ 1936ರಿಂದ ಒಂದು ಕೈಪಿಡಿಯನ್ನೇ ಹೊರತಂದರು. 'ಗ್ರೀನ್ ಬುಕ್' ಎಂದು ಹೆಸರಾದ ಅದು ಮೂರು ದಶಕ ನಡೆಯಿತು.

ವಸತಿ, ಸಾಲ, ನಕ್ಷೆ

ನಗರಸಭೆಗಳು ಜನಾಂಗದ ಆಧಾರದಲ್ಲಿ ವಲಯ ಗುರುತಿಸುವುದನ್ನು ಸುಪ್ರೀಂ ಕೋರ್ಟು 1917ರಲ್ಲಿ ತಡೆಯಿತು. ಆಗ ಬಿಳಿಯ ಮಾಲೀಕರು ಖಾಸಗಿ ಒಪ್ಪಂದದ ದಾರಿ ಹಿಡಿದು, ಈ ಮನೆಯನ್ನು ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೆ ಕೊಡಕೂಡದು ಎಂಬ ಷರತ್ತನ್ನು ಕ್ರಯಪತ್ರಗಳಲ್ಲೇ ಬರೆಸಿದರು. 1926ರಲ್ಲಿ ಅದೇ ಕೋರ್ಟು ಇಂಥ ಷರತ್ತುಗಳಿಗೆ ಅಡ್ಡಿಯಿಲ್ಲವೆಂದಿತು. ಷರತ್ತಿಲ್ಲದ ಕಡೆ ಕಲ್ಲು, ಬಾಂಬುಗಳಿದ್ದವು. 1925ರಲ್ಲಿ ಡೆಟ್ರಾಯಿಟ್‌ನ ಬಿಳಿಯರ ಬೀದಿಯಲ್ಲಿ ಮನೆ ಕೊಂಡ ಕಪ್ಪು ವೈದ್ಯ ಆಸಿಯನ್ ಸ್ವೀಟ್ ಅವರ ಮನೆಯನ್ನು ಗುಂಪು ಮುತ್ತಿತು. ಒಳಗಿನಿಂದ ಹಾರಿದ ಗುಂಡಿಗೆ ಹೊರಗಿದ್ದ ಒಬ್ಬ ಸತ್ತ. ಕೊಲೆಯ ಮೊಕದ್ದಮೆಯಲ್ಲಿ ಹೆಸರಾಂತ ವಕೀಲ ಕ್ಲ್ಯಾರೆನ್ಸ್ ಡ್ಯಾರೊ ವಾದಿಸಿ, 1926ರಲ್ಲಿ ಆರೋಪಿಯಾಗಿದ್ದ ಸ್ವೀಟರ ತಮ್ಮನನ್ನು ದೋಷಮುಕ್ತಗೊಳಿಸಿದರು.

1929ರ ಆರ್ಥಿಕ ಕುಸಿತದ ಬಳಿಕ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ತಂದ ನ್ಯೂ ಡೀಲ್ ಕಾರ್ಯಕ್ರಮಗಳು ಬಿಳಿಯ ಮಧ್ಯಮವರ್ಗವನ್ನು ಮನೆಯೊಡೆಯರನ್ನಾಗಿಸಿದವು. ಆಗಲೇ ಪ್ರತ್ಯೇಕತೆಗೆ ಕೇಂದ್ರ ಸರ್ಕಾರದ ಮೊಹರೂ ಬಿತ್ತು. 1933ರಲ್ಲಿ ಸ್ಥಾಪನೆಯಾದ ಮನೆಮಾಲೀಕರ ಸಾಲ ನಿಗಮ ಇನ್ನೂರಕ್ಕೂ ಹೆಚ್ಚು ನಗರಗಳ ಬಡಾವಣೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ ನಕ್ಷೆ ಬರೆಸಿತು. ಉತ್ತಮ ಬಡಾವಣೆಗೆ ಹಸಿರು, ಆನಂತರ ನೀಲಿ, ಹಳದಿ. 'ಅಪಾಯಕಾರಿ' ಎಂದವಕ್ಕೆ ಕೆಂಪು. ಕಪ್ಪು ಜನರಿದ್ದ ಕೇರಿಗಳಿಗೆ ಬಹುಪಾಲು ಕೆಂಪೇ ಬಿತ್ತು. ಹೆಚ್ಚಿನ ಹಾನಿ ಮಾಡಿದ್ದು 1934ರಲ್ಲಿ ಹುಟ್ಟಿದ ಕೇಂದ್ರ ಗೃಹ ಆಡಳಿತ. ಬ್ಯಾಂಕ್ ಸಾಲಕ್ಕೆ ವಿಮೆ ಒದಗಿಸುತ್ತಿದ್ದ ಈ ಸಂಸ್ಥೆ ಕಪ್ಪು ಜನರು ವಾಸಿಸುವಲ್ಲಿ ವಿಮೆ ನಿರಾಕರಿಸಿತು. ಅದರ ಕೈಪಿಡಿ ಜನಾಂಗೀಯ ಷರತ್ತುಗಳನ್ನು ಶಿಫಾರಸು ಮಾಡುತ್ತಿತ್ತು. ಡೆಟ್ರಾಯಿಟ್‌ನ ಒಬ್ಬ ಬಿಲ್ಡರ್ 1941ರಲ್ಲಿ ಕಪ್ಪು ಜನರ ಕೇರಿಗೂ ತನ್ನ ಹೊಸ ಬಡಾವಣೆಗೂ ನಡುವೆ ಸುಮಾರು ಅರ್ಧ ಮೈಲಿ ಉದ್ದ, ಆರು ಅಡಿ ಎತ್ತರದ ಗೋಡೆ ಎಬ್ಬಿಸಿದ ಮೇಲಷ್ಟೇ ಸಾಲಕ್ಕೆ ಮಂಜೂರಾತಿ ಪಡೆದ. ಆ ಗೋಡೆ ಈಗಲೂ ಇದೆ.

1935ರ ಸಾಮಾಜಿಕ ಭದ್ರತಾ ಕಾಯಿದೆಯ ಪಿಂಚಣಿ, 1938ರ ಕನಿಷ್ಠ ಕೂಲಿ ಕಾಯಿದೆ ಎರಡೂ ಕೃಷಿ ಕಾರ್ಮಿಕರನ್ನೂ ಮನೆಗೆಲಸದವರನ್ನೂ ಹೊರಗಿಟ್ಟವು. ದಕ್ಷಿಣದ ಕಪ್ಪು ಜನರಲ್ಲಿ ಬಹುಮಂದಿಗೆ ಇದ್ದ ದುಡಿಮೆ ಈ ಎರಡೇ. ಕಾಯಿದೆಯಲ್ಲಿ ಜನಾಂಗದ ಹೆಸರೆತ್ತುವ ಅಗತ್ಯವೇ ಬೀಳಲಿಲ್ಲ.

ವಲಸಿಗರು ಮತ್ತು ಏಷ್ಯನ್ನರು

1924ರ ವಲಸೆ ಕಾಯಿದೆ ದಕ್ಷಿಣ ಹಾಗೂ ಪೂರ್ವ ಯುರೋಪಿನವರಿಗೆ ಕಿರಿದಾದ ಕೋಟಾ ಗೊತ್ತುಮಾಡಿ ಏಷ್ಯನ್ನರಿಗೆ ಬಾಗಿಲು ಮುಚ್ಚಿತು. ಪೌರತ್ವ ಪಡೆಯಬಲ್ಲ 'ಬಿಳಿಯ' ಯಾರೆಂಬ ಪ್ರಶ್ನೆ ಅದಕ್ಕೂ ಮೊದಲೇ ಕೋರ್ಟು ಮುಟ್ಟಿತ್ತು. ಅಮೆರಿಕದ ಸೈನ್ಯದಲ್ಲಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್, ತಾನು ಮೇಲ್ಜಾತಿಯ ಆರ್ಯನಾದ್ದರಿಂದ ಬಿಳಿಯನೇ ಎಂದು ವಾದಿಸಿದರು. ಜನಸಾಮಾನ್ಯರ ತಿಳಿವಳಿಕೆಯಲ್ಲಿ ಹಿಂದೂಗಳು ಬಿಳಿಯರಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಜಾತಿಯ ಮೇಲ್ಮೆಯನ್ನು ಜನಾಂಗದ ಮೇಲ್ಮೆಯಾಗಿ ಮಾರ್ಪಡಿಸುವ ಆ ವಾದ ಅಲ್ಲಿಗೆ ಮುಗಿಯಿತು. ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಂಡರು. ಅವರಲ್ಲಿ ಒಬ್ಬರಾದ ಸ್ಯಾನ್‌ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಭಾರತೀಯರಿಗೆ ಪೌರತ್ವದ ಅರ್ಹತೆ ಮರಳಿದ್ದು 1946ರಲ್ಲಿ.

ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳೂ ಸೇರಿದಂತೆ ಮೆಕ್ಸಿಕನ್ ಮೂಲದ ಲಕ್ಷಾಂತರ ಜನರನ್ನು ಗಡಿಯಾಚೆ ಅಟ್ಟಲಾಯಿತು. 1942ರಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಅದಕ್ಕಾಗಿ ಸರ್ಕಾರ ಕ್ಷಮೆ ಕೋರಿ ಪರಿಹಾರ ಕೊಟ್ಟದ್ದು 1988ರ ಕಾಯಿದೆಯ ಮೂಲಕ.

ಪ್ರತಿರೋಧ

1909ರಲ್ಲಿ ಸ್ಥಾಪನೆಯಾದ, ಎನ್‌ಎಎಸಿಪಿ ಎಂದು ಹೆಸರಾದ, ಕಪ್ಪು ಜನರ ಏಳಿಗೆಗಾಗಿ ಕಟ್ಟಿದ ರಾಷ್ಟ್ರೀಯ ಸಂಘದ 'ಕ್ರೈಸಿಸ್' ಪತ್ರಿಕೆಯನ್ನು ಡಬ್ಲ್ಯು. ಇ. ಬಿ. ಡು ಬೋಯಿಸ್ ಸಂಪಾದಿಸುತ್ತಿದ್ದರು. ಆಫ್ರಿಕದತ್ತ ಮುಖಮಾಡಿ ಸ್ವಾಭಿಮಾನ, ಸ್ವಂತ ವ್ಯಾಪಾರದ ಮಾತಾಡಿದ ಮಾರ್ಕಸ್ ಗಾರ್ವೆ ನಗರದ ಬಡವರನ್ನು ದೊಡ್ಡ ಸಂಖ್ಯೆಯಲ್ಲಿ ಸೆಳೆದರು. ಎ. ಫಿಲಿಪ್ ರಾಂಡಾಲ್ಫ್ 1925ರಲ್ಲಿ ರೈಲು ಪರಿಚಾರಕರ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ ಪುಲ್ಮನ್ ಕಂಪನಿಯಿಂದ ಒಪ್ಪಂದ ಪಡೆದರು.

ಕಾನೂನು ಹೋರಾಟದ ಹೊಣೆ ಹೊತ್ತವರು ಹೋವರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಮತ್ತು ಅವರ ಶಿಷ್ಯ ಥರ್ಗುಡ್ ಮಾರ್ಷಲ್. 'ಬೇರೆಯಾದರೂ ಸಮಾನ' ಎಂಬ ಸೂತ್ರವನ್ನು ಒಮ್ಮೆಗೇ ಕೆಡವಲು ಹೋಗದೆ, ಸಮಾನವೆಲ್ಲಿದೆ ತೋರಿಸಿ ಎಂದು ಅವರು ಪಟ್ಟುಹಿಡಿದರು. ಕಾನೂನು ಕಾಲೇಜುಗಳಿಂದ ಆರಂಭಿಸಿದರು. ಮೇರಿಲ್ಯಾಂಡ್ (1936), ಮಿಸೂರಿ (1938), ಟೆಕ್ಸಾಸ್ (1950) ಮೊಕದ್ದಮೆಗಳನ್ನು ಗೆದ್ದರು.

1939ರಲ್ಲಿ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್ ಅವರಿಗೆ ವಾಷಿಂಗ್ಟನ್ನಿನ ಕಾನ್ಸ್ಟಿಟ್ಯೂಷನ್ ಹಾಲ್ ಸಿಗದಾದಾಗ ಅವರು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಸುಮಾರು 75,000 ಜನರ ಮುಂದೆ ಹಾಡಿದರು. 1941ರಲ್ಲಿ ರಾಂಡಾಲ್ಫ್ ರಾಜಧಾನಿಗೆ ಜಾಥಾ ತರುವುದಾಗಿ ಎಚ್ಚರಿಸಿದ ಮೇಲೆ ರೂಸ್‌ವೆಲ್ಟ್ ರಕ್ಷಣಾ ಕೈಗಾರಿಕೆಗಳಲ್ಲಿ ಭೇದಭಾವವನ್ನು ನಿಷೇಧಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸುಮಾರು ಹತ್ತು ಲಕ್ಷ ಕಪ್ಪು ಜನರು ಸೇವೆ ಸಲ್ಲಿಸಿದರು. ಆಗಲೂ ದಳಗಳು ಬೇರೆ, ರೆಡ್ ಕ್ರಾಸಿನ ರಕ್ತದ ಬಾಟಲಿಗಳಿಗೂ ಬೇರೆ ಚೀಟಿ. ಸೈನ್ಯದಲ್ಲಿ ಪ್ರತ್ಯೇಕತೆ ಕೊನೆಗಾಣಿಸುವ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ 1948ರಲ್ಲಿ ಸಹಿ ಹಾಕಿದರು.

ನಾಗರಿಕ ಹಕ್ಕುಗಳ ಚಳವಳಿ

1954ರ ಮೇ 17ರಂದು ಬ್ರೌನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಗಳ ಪ್ರತ್ಯೇಕತೆಯನ್ನು ಸರ್ವಾನುಮತದಿಂದ ಅಸಾಂವಿಧಾನಿಕವೆಂದಿತು. ದಕ್ಷಿಣದ ರಾಜ್ಯಗಳು ಮೊಂಡುಬಿದ್ದವು. 1957ರಲ್ಲಿ ಲಿಟಲ್ ರಾಕ್‌ನ ಪ್ರೌಢಶಾಲೆಗೆ ಒಂಬತ್ತು ಮಕ್ಕಳನ್ನು ಸೇರಿಸಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯಿತು. ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಮಕ್ಕಳನ್ನು ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಗಳನ್ನೇ ಮುಚ್ಚುವುದು ಲೇಸೆಂದು 1959ರಿಂದ ಐದು ವರ್ಷ ಬಾಗಿಲು ಹಾಕಿತು.

ಮಿಸಿಸಿಪ್ಪಿಯಲ್ಲಿ ಹದಿನಾಲ್ಕರ ಹುಡುಗ ಎಮೆಟ್ ಟಿಲ್ 1955ರಲ್ಲಿ ಕೊಲೆಯಾದಾಗ, ತಾಯಿ ಮೇಮೀ ಟಿಲ್ ಶವಪೆಟ್ಟಿಗೆಯನ್ನು ತೆರೆದಿಟ್ಟು ಜಜ್ಜಿಹೋದ ಮುಖವನ್ನು ಲೋಕಕ್ಕೆ ತೋರಿಸಿದರು. ಅದೇ ವರ್ಷದ ಡಿಸೆಂಬರ್ 1ರಂದು ಅಲಬಾಮದ ಮಾಂಟ್ಗಮರಿಯಲ್ಲಿ ರೋಸಾ ಪಾರ್ಕ್ಸ್ ಬಿಳಿಯನಿಗೆ ಬಸ್ಸಿನ ಸೀಟು ಬಿಡಲೊಪ್ಪಲಿಲ್ಲ. ಅಲ್ಲಿಂದ 381 ದಿನ ನಡೆದ ಬಸ್ ಬಹಿಷ್ಕಾರ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರನ್ನು ನಾಯಕರನ್ನಾಗಿಸಿತು. 1960ರಲ್ಲಿ ಗ್ರೀನ್ಸ್‌ಬರೋದ ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಮೀಸಲಾದ ಊಟದ ಕೌಂಟರಿನಲ್ಲಿ ಧರಣಿ ಕೂತರು. 1961ರಲ್ಲಿ 'ಸ್ವಾತಂತ್ರ್ಯಯಾತ್ರಿಗಳು' ಎನಿಸಿಕೊಂಡ ಕಾರ್ಯಕರ್ತರು ಪ್ರತ್ಯೇಕತೆಯನ್ನು ಧಿಕ್ಕರಿಸಿ ಅಂತರರಾಜ್ಯ ಬಸ್ಸುಗಳಲ್ಲಿ ಹೊರಟರು. 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಪೊಲೀಸರು ಶಾಲಾ ಮಕ್ಕಳ ಮೇಲೆ ನಾಯಿಗಳನ್ನೂ ನೀರಿನ ಕೊಳವೆಗಳನ್ನೂ ಬಿಟ್ಟ ದೃಶ್ಯಗಳು ಟೀವಿಯಲ್ಲಿ ಮನೆಮನೆಗೆ ಬಂದವು.

1964ರ ನಾಗರಿಕ ಹಕ್ಕುಗಳ ಕಾಯಿದೆ ಸಾರ್ವಜನಿಕ ಸ್ಥಳ ಮತ್ತು ಉದ್ಯೋಗದಲ್ಲಿ ಭೇದವನ್ನು ನಿಷೇಧಿಸಿತು. ಅಲಬಾಮದ ಸೆಲ್ಮಾದಲ್ಲಿ ಮತದ ಹಕ್ಕಿಗಾಗಿ ಹೊರಟ ಮೆರವಣಿಗೆಯ ಮೇಲೆ ಸೇತುವೆಯಲ್ಲಿ ನಡೆದ ಲಾಠಿಪ್ರಹಾರದ ಬಳಿಕ 1965ರಲ್ಲಿ ಮತದಾನ ಹಕ್ಕುಗಳ ಕಾಯಿದೆ ಬಂದಿತು. ಮಿಸಿಸಿಪ್ಪಿಯಲ್ಲಿ ನೋಂದಾಯಿತ ಕಪ್ಪು ಮತದಾರರ ಪ್ರಮಾಣ ಶೇ. 7ರ ಆಸುಪಾಸಿನಿಂದ ಎರಡು-ಮೂರು ವರ್ಷಗಳಲ್ಲೇ ಶೇ. 60ರ ಹತ್ತಿರಕ್ಕೆ ಏರಿತು. ಅಂತರ್ಜನಾಂಗೀಯ ವಿವಾಹದ ನಿಷೇಧ 1967ರಲ್ಲಿ ಕೋರ್ಟಿನಲ್ಲಿ ಬಿತ್ತು. ವಸತಿಯಲ್ಲಿ ಭೇದ ನಿಷೇಧಿಸುವ ಕಾಯಿದೆಗೆ ಸಹಿ ಬಿದ್ದದ್ದು 1968ರ ಏಪ್ರಿಲ್ 11ರಂದು, ಕಿಂಗ್ ಹತ್ಯೆಯಾದ ಒಂದು ವಾರಕ್ಕೆ.

ಭಾರತದ ನಂಟು

ಕಪ್ಪು ಧರ್ಮಬೋಧಕ ಹಾವರ್ಡ್ ಥರ್ಮನ್ 1936ರಲ್ಲಿ ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡರು. ನಾಗಪುರದಲ್ಲಿ 1953ರಿಂದ 1956ರವರೆಗೆ ಇದ್ದ ಪಾದ್ರಿ ಜೇಮ್ಸ್ ಲಾಸನ್ ಸತ್ಯಾಗ್ರಹದ ವಿಧಾನ ಕಲಿತುಹೋಗಿ ನ್ಯಾಶ್ವಿಲ್ಲಿನ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು. ಕಿಂಗ್ 1959ರಲ್ಲಿ ಸುಮಾರು ಒಂದು ತಿಂಗಳು ಭಾರತದಲ್ಲಿ ಸುತ್ತಿದರು. ಕೇರಳದ ಒಂದು ಶಾಲೆಯಲ್ಲಿ ತಮ್ಮನ್ನು ಅಮೆರಿಕದ ಅಸ್ಪೃಶ್ಯರೆಂದು ಪರಿಚಯಿಸಿದಾಗ ಮೊದಲು ಮುಜುಗರವಾಗಿ, ಆಮೇಲೆ ಮಾತು ನಿಜವೆನ್ನಿಸಿತೆಂದು ಅವರು ಮುಂದೆ ಹೇಳಿಕೊಂಡರು. ಡಾ. ಅಂಬೇಡ್ಕರ್ 1946ರಲ್ಲಿ ಡು ಬೋಯಿಸ್ ಅವರಿಗೆ ಬರೆದು, ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸುವ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಪಕ್ಷದಿಂದ ಪಡೆದರು.

ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1941ರಲ್ಲಿ ಅಮೆರಿಕ ಪ್ರವಾಸದಲ್ಲಿದ್ದಾಗ ಲೂಯಿಸಿಯಾನದಲ್ಲಿ ಬಿಳಿಯರ ರೈಲುಡಬ್ಬಿಯಲ್ಲಿ ಕುಳಿತರು. ಟಿಕೆಟ್ ಪರೀಕ್ಷಕ ಎಬ್ಬಿಸಲು ಬಂದ. ವಿದೇಶಿ ಎಂದು ತಿಳಿದಾಗ ರಿಯಾಯಿತಿ ತೋರಲು ನೋಡಿದ. ಅದನ್ನು ಬಳಸಿಕೊಳ್ಳದೆ, ತಾನೂ ಕಪ್ಪು ಜನರಲ್ಲಿ ಒಬ್ಬಳು, ಏಳುವುದಿಲ್ಲ ಎಂದು ಅವರು ಕುಳಿತೇ ಇದ್ದರು. ಥಿಂಡ್ ಬಿಳಿಯರ ಸಾಲಿಗೆ ಸೇರಲು ವಾದಿಸಿದ್ದರೆ, ಕಮಲಾದೇವಿ ಕಪ್ಪು ಜನರ ಸಾಲಿಗೆ ತಾವಾಗಿಯೇ ಸೇರಿದರು.

ನಾಗರಿಕ ಹಕ್ಕುಗಳ ಚಳವಳಿ ಬೆಳೆಸಿದ ವಾತಾವರಣದಲ್ಲೇ 1965ರ ವಲಸೆ ಕಾಯಿದೆ ರಾಷ್ಟ್ರಮೂಲದ ಕೋಟಾವನ್ನು ರದ್ದುಮಾಡಿತು. ಆನಂತರ ಅಮೆರಿಕಕ್ಕೆ ಹೋದ ಭಾರತೀಯ ವೈದ್ಯರು, ಎಂಜಿನಿಯರರು, ಅವರಲ್ಲಿ ಕನ್ನಡಿಗರು, ಕಪ್ಪು ಜನರ ಹೋರಾಟ ತೆರೆದ ಬಾಗಿಲಿನಿಂದಲೇ ಒಳಹೊಕ್ಕರು.

ಕಾನೂನುಗಳ ಬಳಿಕ

ಫಲಕಗಳು ಇಳಿದವು, ಬಡಾವಣೆಗಳು ಅಷ್ಟು ಬೇಗ ಬದಲಾಗಲಿಲ್ಲ. ಬಿಳಿಯರು ಸರ್ಕಾರಿ ವಿಮೆಯ ಸಾಲ ಪಡೆದು ಉಪನಗರಗಳಿಗೆ ಹೊರಟರು. 1956ರ ಬಳಿಕ ಬಂದ ಹೆದ್ದಾರಿಗಳು ಡೆಟ್ರಾಯಿಟ್‌ನ ಬ್ಲ್ಯಾಕ್ ಬಾಟಮ್, ಸೇಂಟ್ ಪಾಲ್‌ನ ರಾಂಡೊದಂಥ ಕಪ್ಪು ಜನರ ಕೇರಿಗಳನ್ನು ಸೀಳಿಕೊಂಡು ಹೋದವು. ಶಾಲೆಗಳಿಗೆ ಹಣ ಬರುವುದು ಹೆಚ್ಚಾಗಿ ಸ್ಥಳೀಯ ಆಸ್ತಿತೆರಿಗೆಯಿಂದ. ಆದ್ದರಿಂದ ವಸತಿಯ ಅಸಮಾನತೆ ಶಾಲೆಯ ಅಸಮಾನತೆಯಾಯಿತು. ಕಪ್ಪು, ಬಿಳಿಯ ಮಕ್ಕಳನ್ನು ಒಟ್ಟಿಗೆ ಓದಿಸಲೆಂದು ಬಸ್ಸಿನಲ್ಲಿ ಬೇರೆ ಶಾಲೆಗೆ ಕಳಿಸುವ ಯೋಜನೆ ಬಾಸ್ಟನ್ನಿನಲ್ಲಿ ಗಲಭೆಗೆ ಕಾರಣವಾಯಿತು. ಡೆಟ್ರಾಯಿಟ್ ಮೊಕದ್ದಮೆಯಲ್ಲಿ (1974) ಸುಪ್ರೀಂ ಕೋರ್ಟು ಇಂಥ ಯೋಜನೆಗೆ ಉಪನಗರಗಳ ಶಾಲೆಗಳನ್ನು ಸೇರಿಸಲು ಒಪ್ಪಲಿಲ್ಲ. ಬ್ರೌನ್ ಮೊಕದ್ದಮೆ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಆಗ ಅದೇ ಕೋರ್ಟಿನ ನ್ಯಾಯಮೂರ್ತಿ. ಅವರು ಭಿನ್ನಮತದ ತೀರ್ಪು ಬರೆದರು.

ಮಾದಕವಸ್ತು ವಿರುದ್ಧದ ಕಠಿಣ ಕಾನೂನುಗಳು ಜೈಲುಗಳನ್ನು ತುಂಬಿದವು. 1986ರ ಕಾಯಿದೆ ಕಪ್ಪು ಜನರ ಕೇರಿಗಳಲ್ಲಿ ಹೆಚ್ಚಾಗಿದ್ದ ಕ್ರ್ಯಾಕ್ ಕೊಕೇನಿಗೆ, ಪುಡಿ ಕೊಕೇನಿನ ನೂರನೆಯ ಒಂದು ಪಾಲು ತೂಕಕ್ಕೇ ಅದೇ ಶಿಕ್ಷೆ ವಿಧಿಸಿತು. ಆ ಅನುಪಾತವನ್ನು 2010ರಲ್ಲಿ 18ಕ್ಕೆ ಇಳಿಸಲಾಯಿತು.

ಇಂದಿನ ಸ್ಥಿತಿ

2008ರಲ್ಲಿ ಬರಾಕ್ ಒಬಾಮ ಅಧ್ಯಕ್ಷರಾಗಿ ಆಯ್ಕೆಯಾದರು. 2013ರಲ್ಲಿ ಸುಪ್ರೀಂ ಕೋರ್ಟು, ಚುನಾವಣಾ ನಿಯಮ ಬದಲಿಸುವ ಮುನ್ನ ಕೆಲವು ರಾಜ್ಯಗಳು ಕೇಂದ್ರದ ಅನುಮತಿ ಪಡೆಯಬೇಕೆಂಬ, 1965ರ ಮತದಾನ ಹಕ್ಕುಗಳ ಕಾಯಿದೆಯ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಿತು. ಅದೇ ವರ್ಷ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಆಂದೋಲನ ಹುಟ್ಟಿತು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತಾಗ ಅದು ದೇಶದ ಗಡಿ ದಾಟಿತು. 2023ರಲ್ಲಿ ಕೋರ್ಟು ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಗೆ ತಡೆಯೊಡ್ಡಿತು.

ಸ್ವಂತ ಮನೆಯಿರುವ ಬಿಳಿಯ ಕುಟುಂಬಗಳು ಶೇ. 70ಕ್ಕಿಂತ ಹೆಚ್ಚು, ಕಪ್ಪು ಕುಟುಂಬಗಳು ಸುಮಾರು ಶೇ. 45. ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯ ಪ್ರಕಾರ ನಡುಮಟ್ಟದ ಬಿಳಿಯ ಕುಟುಂಬದ ಸಂಪತ್ತು 2,85,000 ಡಾಲರ್, ಕಪ್ಪು ಕುಟುಂಬದ್ದು 44,900 ಡಾಲರ್. ವರಮಾನದ ಅಂತರಕ್ಕಿಂತ ಈ ಅಂತರ ಬಹಳ ದೊಡ್ಡದು. ತಾತ ಕೊಂಡ ಮನೆಯ ಬೆಲೆ ಮೊಮ್ಮಗನ ಕಾಲೇಜು ಶುಲ್ಕವಾಗುವ ದೇಶದಲ್ಲಿ 1930ರ ದಶಕದ ಸಾಲದ ನಿರಾಕರಣೆ ಮೂರನೆಯ ತಲೆಮಾರಿಗೂ ಬಾಧಿಸುತ್ತದೆ. ನೂರಕ್ಕೂ ಹೆಚ್ಚು ನಗರಗಳ ಅಧ್ಯಯನವೊಂದು, ಅಂದು ಕೆಂಪು ಬಳಿದ ಬಡಾವಣೆಗಳಲ್ಲಿ ಬಹುಪಾಲು ಇಂದು ಹಸಿರು ಬಳಿದವಕ್ಕಿಂತ ಹೆಚ್ಚು ಬಿಸಿಯಾಗಿವೆ ಎಂದು ತೋರಿಸಿದೆ. ಅಲ್ಲಿ ಮರಗಳು ಕಡಿಮೆ, ಡಾಂಬರು ಹೆಚ್ಚು.

ಆದ್ದರಿಂದ ಇಂದಿನ ಚರ್ಚೆ ಮುಖ್ಯವಾಗಿ ಪರಿಹಾರದ ಸುತ್ತ ನಡೆದಿದೆ. ಷಿಕಾಗೋದ ಪಕ್ಕದ ಇವಾನ್‌ಸ್ಟನ್ ನಗರ 1919ರಿಂದ 1969ರ ನಡುವೆ ವಸತಿ ಭೇದಕ್ಕೆ ಗುರಿಯಾದ ಕಪ್ಪು ನಿವಾಸಿಗಳಿಗೆ ಮತ್ತು ಅವರ ವಂಶಸ್ಥರಿಗೆ 25,000 ಡಾಲರ್ ಕೊಡುವ ಯೋಜನೆಯನ್ನು 2021ರಲ್ಲಿ ಒಪ್ಪಿತು. ಅದನ್ನು 2024ರಲ್ಲಿ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಜನಾಂಗವನ್ನು ಲೆಕ್ಕಕ್ಕಿಟ್ಟು ಮಾಡಿದ ಹಾನಿಯನ್ನು ಜನಾಂಗವನ್ನು ಲೆಕ್ಕಿಸದೆಯೇ ಸರಿಪಡಿಸಬೇಕೆಂಬುದು ಒಂದು ಪಕ್ಷ, ಅದು ಅಸಾಧ್ಯವೆಂಬುದು ಇನ್ನೊಂದು. ಸರ್ಕಾರದ ಕಾಯಿದೆ, ಸಾಲ, ನಕ್ಷೆಗಳಿಂದ ಕಟ್ಟಿದ ಪ್ರತ್ಯೇಕತೆ ಸರ್ಕಾರದ ಕೈಯಿಲ್ಲದೆ ತಾನಾಗಿ ಕರಗಿದ್ದಕ್ಕೆ ಈ ಒಂದು ಶತಮಾನದ ಇತಿಹಾಸದಲ್ಲಿ ನಿದರ್ಶನ ಸಿಗುವುದಿಲ್ಲ.